ಎಂಬತ್ತು ಸೆಂಟಿನ ಮಳೆ

ನಮ್ಮ ವನಗೂರಿನ ಕಡೆ ಮಾರ್ಚ್ ತಿಂಗಳಲ್ಲಿ ಫೋನು ಮಾಡಿದವರು ಕ್ಷೇಮಸಮಾಚಾರ ಕೇಳುತ್ತಿರಲಿಲ್ಲ. ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದರೂ ಆ ಮಾತು ಆಮೇಲೆ. ಮೊದಲು, "ಎಷ್ಟ್ ಸೆಂಟು ಬಂತು?" ಒಂದು ಇಂಚು ಮಳೆಗೆ ನೂರು ಸೆಂಟು. ಪಕ್ಕದ ತೋಟಕ್ಕಿಂತ ಹತ್ತು ಸೆಂಟು ಹೆಚ್ಚು ಬಿದ್ದರೆ, ತಾವೇ ಕೊಡದಲ್ಲಿ ಹೊತ್ತು ತಂದು ಸುರಿದಂತೆ ನಮ್ಮ ಗಂಡಸರು ಬೀಗುತ್ತಿದ್ದರು.

ದೊಡ್ಡಪ್ಪನಿಗೆ ಈ ಕಾಯಿಲೆ ತುಸು ಜಾಸ್ತಿ. ಮೊಬೈಲು ಇನ್ನೂ ನಮ್ಮ ಗುಡ್ಡ ಏರದಿದ್ದ ಕಾಲ. ಆ ವರ್ಷ ಕಾಫಿ ಹೂ ಅರಳಿಸಬೇಕಿದ್ದ ಮೊದಲ ಹೂಮಳೆ ಧೂಳು ನೆನೆಸಿ ಹೊರಟುಹೋಯಿತು. ಮಳೆ ಅಳೆಯುವ ಡಬ್ಬಿಯಲ್ಲಿ ಹದಿನೈದೇ ಸೆಂಟು. ದೊಡ್ಡಪ್ಪ ಡಬ್ಬಿಯನ್ನು ಓರೆ ಮಾಡಿಯೂ ನೋಡಿದರು; ನೀರು ಹೆಚ್ಚಾಗಲಿಲ್ಲ. ಅಷ್ಟರಲ್ಲಿ ಎದುರು ಗುಡ್ಡದ ಭಾವಮೈದನ ಫೋನು.

"ನಮ್ಗೆ ಎಪ್ಪತ್ತು ಬಂತು ಭಾವ. ನಿಮ್ಗೆ?"

"ಎಂಬತ್ತು."

"ಹಂಗಾರೆ ಸರಿ ಬುಡಿ. ನಮ್ ಸ್ಪ್ರಿಂಕ್ಲರ್ ಸೆಟ್ಟು ಸುಮ್ನೆ ಬಿದ್ದೈತೆ, ನಿಮ್ಗೆ ಬೇಕೇನೋ ಅಂದ್ಕಂಡೆ. ನಾಳಿದ್ದು ಆನೇಮಹಲ್ ಕಡೆಯೋರಿಗೆ ಕಳಿಸ್ಬುಡ್ತೀನಿ."

ಫೋನು ಇಟ್ಟ ದೊಡ್ಡಪ್ಪನ ಮುಖ ಸಣ್ಣದಾಗಿತ್ತು. ಅರೆಬರೆ ಮಳೆಗೆ ಎಚ್ಚರವಾದ ಕಾಫಿ ಮೊಗ್ಗಿಗೆ ಬೇಗನೆ ಇನ್ನಷ್ಟು ನೀರು ಸಿಗದಿದ್ದರೆ ಗಿಡದಲ್ಲೇ ಸುಟ್ಟುಹೋಗುತ್ತದೆ. ಅದರೊಂದಿಗೆ ವರ್ಷದ ಫಸಲೂ.

"ಫೋನ್ ಮಾಡಿ ನಿಜ ಹೇಳಕ್ಕೇನು?" ಎಂದರು ದೊಡ್ಡವ್ವ.

"ನಿನ್ ತಮ್ಮನ್ ಹತ್ರನಾ? ಸಂಜಿಗೆ ಮಳೆ ಬತ್ತದೆ ಸುಮ್ನಿರು. ಮೋಡ ಐತೆ."

ಮೋಡವೇನೋ ಇತ್ತು. ಅದು ದೋಣಿಗಲ್ಲಿನ ಕಡೆ ನಡೆದು ಘಾಟಿ ಇಳಿದುಹೋಯಿತು. ಮರುದಿನ ಮೊಗ್ಗು ಮುಟ್ಟಿ ನೋಡಿ ಬಂದ ದೊಡ್ಡಪ್ಪ ರೊಟ್ಟಿಯ ತಟ್ಟೆಯನ್ನು ಅತ್ತ ಸರಿಸಿದರು. ದೊಡ್ಡವ್ವ ಎದ್ದು ತಮ್ಮನಿಗೆ ಫೋನು ತಿರುಗಿಸಿದರು.

"ಎಂಬತ್ತು ಬಿದ್ದಿದ್ದು ನಿಮ್ ಭಾವನ್ ಬಾಯಲ್ಲಿ ಕಣೋ. ಡಬ್ಬೀಲಿ ಬಿದ್ದಿದ್ದು ಹದಿನೈದು. ಸೆಟ್ಟು ಕಳಿಸು."

ಮಧ್ಯಾಹ್ನ ಟ್ರ್ಯಾಕ್ಟರಿನಲ್ಲಿ ಪಂಪು, ಪೈಪುಗಳ ಜೊತೆ ಭಾವಮೈದನೂ ಬಂದಿಳಿದರು. ಇಂಥದ್ದನ್ನು ಕಣ್ಣಾರೆ ನೋಡದೆ ಬಿಡುವ ವಂಶವಲ್ಲ ಅದು.

"ಪಂಪು ಹೆಂಗೆ ಓಡ್ತದೆ ನೋಡಣ ಅಂತ ಅಷ್ಟೆ," ಎಂದರು ದೊಡ್ಡಪ್ಪ, ಕೆರೆಯತ್ತ ಮುಖ ಮಾಡಿ.

"ನೋಡಿ ಭಾವ, ನೋಡಿ. ಎಂಬತ್ತು ಸೆಂಟು ಬಿದ್ದ ತೋಟಕ್ಕೆ ನೀರು ಹೊಡ್ಯೋರು ಈ ಸೀಮೇಲೇ ನೀವೊಬ್ರು."

ಮೊಗ್ಗು ಉಳಿಯಿತು. ವಾರ ಕಳೆದು ತೋಟವೆಲ್ಲ ಬೆಳ್ಳಗೆ ಅರಳಿ, ಮನೆಯೊಳಗಿನ ಅನ್ನಕ್ಕೂ ಹೂವಿನ ಘಮ ಹತ್ತಿತು. ಹಾಸನದಿಂದ ಬಂದ ನೆಂಟರು ಜಗಲಿಯಲ್ಲಿ ಕೂತು ಉಸಿರೆಳೆದುಕೊಂಡು, ಪುಣ್ಯವಂತರು ನೀವು ಎಂದರು.

"ಮೊದ್ಲ ಮಳೇಲೇ ಎಂಬತ್ತು ಸೆಂಟು ಬಿತ್ತಲ್ಲ," ಎಂದರು ದೊಡ್ಡಪ್ಪ.

ದೊಡ್ಡವ್ವ ಅವರ ಕಾಫಿ ಲೋಟವನ್ನು ತುಸು ಜೋರಾಗಿಯೇ ಕುಕ್ಕಿ ಒಳಗೆ ಹೋದರು.