ನಾವಿಕರ ಧಾರಾವಾಹಿಗೆ ಬೈಯುವವಳು

ಪಕ್ಕದ ಮನೆಗೆ ಬಾಡಿಗೆಗೆ ಬಂದ ದಿನ, ಸಾಮಾನು ಇನ್ನೂ ಬೀದಿಯಲ್ಲಿರುವಾಗಲೇ, ಹಡಗಿನಲ್ಲಿ ಕೆಲಸಕ್ಕಿದ್ದವನ ಹೆಂಡತಿ ನಮ್ಮ ಟಿವಿ ಮುಂದೆ ಬಂದು ಕೂತಳು. ನಾವಿಕರು ರಜೆಗೆ ದಡಕ್ಕಿಳಿಯುವ ಧಾರಾವಾಹಿ ಬರುತ್ತಿತ್ತು. ಅವಳು ನೋಡುವುದಕ್ಕಿಂತ ಬೈಯುವುದೇ ಹೆಚ್ಚು. “ಕುಣೀತಾರಂತೆ, ಇವರ ಮುಖಕ್ಕಿಷ್ಟು! ನಮ್ಮನೆಯವರು ಹಡಗಿಂದ ಇಳಿದು ಬಂದ್ರೆ, ನೆಲ ತೂಗ್ತಿದೆ ಅಂತ ಗೋಡೆ ಹಿಡ್ಕೊಂಡು ಓಡಾಡ್ತಾರೆ, ದೊಡ್ಡಮ್ಮ.” ದಿನಾ ಅಡುಗೆ ಅರ್ಧಕ್ಕೆ ಬಿಟ್ಟು ಸೌಟು ಹಿಡಿದೇ ಬರುತ್ತಿದ್ದಳು. ನಾವಿಕನೊಬ್ಬ ಬಂದರಿನ ಹುಡುಗಿಯ ಕೈ ಹಿಡಿದರೆ ಆ ಸೌಟು ಟಿವಿಯ ಕಡೆಗೇಳುತ್ತಿತ್ತು: “ಲೋ, ಮನೇಲಿ ಒಬ್ಬಳು ಕಾಯ್ತಿಲ್ವೇನೋ?” ಅವಳ ಕೂಗಿನಿಂದ ಬೀದಿಯವರಿಗೆಲ್ಲ ಟಿವಿ ಇಲ್ಲದೆಯೇ ಕಥೆ ತಿಳಿಯುತ್ತಿತ್ತು. “ಇಷ್ಟು ಸಿಟ್ಟಾದರೆ ಬೇರೆ ಏನಾದ್ರೂ ಹಾಕ್ಲೇನೇ?” ಎಂದು ನಾನು ಕೇಳಿದರೆ ರಿಮೋಟನ್ನು ಸೆರಗಿನೊಳಗೆ ಮುಚ್ಚಿಕೊಳ್ಳುತ್ತಿದ್ದಳು: “ಬೈಯೋಕಾದ್ರೂ ಒಬ್ರು ನೋಡ್ಬೇಕಲ್ಲ!” ಕೊನೆಗೆ ಅವಳ ಗಂಡನ ಹಡಗು ಮರಳಿತು. ಎಲ್ಲರೂ ಬಂದರು, ಅವನೊಬ್ಬ ಮಾತ್ರ ನಡುವೆ ಯಾವುದೋ ಬಂದರಿನಲ್ಲಿ ಇಳಿದವನು ಮತ್ತೆ ಹತ್ತಲೇ ಇಲ್ಲವಂತೆ. ಓಡಿಹೋಗಿದ್ದಾನೆ ಎಂದುಬಿಟ್ಟರು ಹಡಗಿನವರು. ಆ ಸಂಜೆಯೂ ಬಂದು ಕೂತಳು, ಯಾರನ್ನೂ ಬೈಯಲಿಲ್ಲ. ಮನೆ ಖಾಲಿ ಮಾಡಿ ತವರಿಗೆ ಹೊರಟ ದಿನ ನಮ್ಮ ಬಾಗಿಲಲ್ಲಿ ನಿಂತು ನನ್ನ ಕೈ ಹಿಡಿದು ಕೇಳಿದಳು: “ದೊಡ್ಡಮ್ಮ, ಅವರು ಅಲ್ಲಿ ಕಾಯಿಲೆ ಬಿದ್ದಿರ್ಬೇಕು, ಅಲ್ವಾ?”