ತುರುವನೂರಿನ ಹಾದಿಯಲ್ಲಿ ಉಸಿರು ಕಟ್ಟಿದ ಬ್ಯೂಗಲ್

ನಾನು ನಿವೃತ್ತನಾಗುವ ಹಿಂದಿನ ವರ್ಷ. ಚಿತ್ರದುರ್ಗ ಸೀಮೆಯ ಒಂದು ಸಶಸ್ತ್ರ ತುಕಡಿಯಲ್ಲಿ ಸಬ್ ಇನ್‌ಸ್ಪೆಕ್ಟರ್ ಆಗಿದ್ದೆ. ಮತ್ತೋಡಿನ ಕಡೆಯ ಕುರಿ ಕಾಯುವ ಮನೆ ನಮ್ಮದು. ಆ ಮನೆಯಲ್ಲಿ ಮೊದಲು ಬಿ.ಎ. ಮಾಡಿದವನು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಆಯುಧಪೂಜೆಯ ಮಾರನೆಯ ದಿನ ತುರುವನೂರಿನ ಹತ್ತಿರದ ಹಳ್ಳಿಯಲ್ಲಿ ಹಿರಿಯ ಸ್ವಾತಂತ್ರ್ಯ ಹೋರಾಟಗಾರರೊಬ್ಬರು ತೀರಿಕೊಂಡರು. ಸರ್ಕಾರಿ ಗೌರವ ಸಲ್ಲಿಸಲು ನಮ್ಮ ತುಕಡಿ ಹೋಯಿತು. ಗುಂಡು ಹಾರಿಸಿದ ಮೇಲೆ ಬ್ಯೂಗಲ್‌ನಲ್ಲಿ ಅಂತಿಮ ವಿದಾಯದ ಧಾಟಿ ‘ಲಾಸ್ಟ್ ಪೋಸ್ಟ್’ ನುಡಿಸಬೇಕು. ನಮ್ಮ ಬ್ಯೂಗಲರ್ ತಿಪ್ಪೇಸ್ವಾಮಿ ತುಟಿಗಿಟ್ಟು ಊದಿದ. ಗೊರ ಗೊರ ಎಂದಿತು, ನಿಂತಿತು. ಮತ್ತೆ ಊದಿದ, ಅದೇ ಕಥೆ. ಸತ್ತವರ ಮಗ ನಮ್ಮತ್ತ ನೋಡಿದ ನೋಟವನ್ನು ನಾನಿನ್ನೂ ಮರೆತಿಲ್ಲ.

ತಿಪ್ಪೇಸ್ವಾಮಿ ಹಿಂದೆ ಕುಡಿದು ಕರ್ತವ್ಯಕ್ಕೆ ಬಂದು ಶಿಕ್ಷೆ ತಿಂದವನು. ಇನ್ನೊಮ್ಮೆ ಸಿಕ್ಕಿಬಿದ್ದರೆ ನೌಕರಿಯೇ ಇಲ್ಲ ಎಂಬ ಎಚ್ಚರಿಕೆ ತಲೆಯ ಮೇಲಿತ್ತು. ವೈದ್ಯರು ಪರೀಕ್ಷಿಸಿ ಕುಡಿದಿಲ್ಲ ಎಂದರೂ ಮೇಲಧಿಕಾರಿಗಳು ಒಪ್ಪಲಿಲ್ಲ.

“ಆಸ್ಪತ್ರೆಗೆ ಹೋಗೋ ಹೊತ್ಗೆ ಇಳಿದಿರ್ತೈತೆ ಬಿಡ್ರಿ. ಅವನ ಮೇಲೆ ವರದಿ ಬರೆದು ಕಳ್ಸ್ರಿ,” ಎಂದರು.

ಬರೆಯುವ ಮೊದಲು ವಸ್ತುವನ್ನು ನೋಡುತ್ತೇನೆ ಎಂದೆ. ಬ್ಯೂಗಲ್ ಬಹಳ ಸರಳ ವಾದ್ಯ. ತೂತಿಲ್ಲ, ಒತ್ತುವ ಗುಂಡಿಯಿಲ್ಲ. ಬಗ್ಗಿಸಿದ ಒಂದು ಹಿತ್ತಾಳೆ ಕೊಳವೆ, ಈ ತುದಿಗೆ ಬಾಯಿ, ಆ ತುದಿಗೆ ಅಗಲವಾದ ಗಂಟೆಯಾಕಾರ. ಸ್ವರವೆಲ್ಲ ತುಟಿ ಮತ್ತು ಉಸಿರಿನಿಂದಲೇ ಬರಬೇಕು. ಹಾಗಾಗಿ ದೋಷ ಊದುವವನಲ್ಲಿರಬೇಕು, ಇಲ್ಲವೇ ಕೊಳವೆಯಲ್ಲಿ. ಕುರಿ ಕೆಮ್ಮಿದರೆ ನಮ್ಮಪ್ಪ ಮೊದಲು ಅದರ ಬಾಯಿ ಅಗಲಿಸಿ ಗಂಟಲು ನೋಡುತ್ತಿದ್ದರು. ನಾನೂ ಗಂಟೆಯ ಕಡೆಯಿಂದ ನೀರು ಸುರಿದೆ. ಇನ್ನೊಂದು ತುದಿಯಲ್ಲಿ ಹನಿ ಹನಿಯಾಗಿ ಬಂತು. ಹಳೇ ಬೈಕಿನ ಬ್ರೇಕ್ ಕೇಬಲ್‌ಗೆ ಬಟ್ಟೆ ಸುತ್ತಿ ತೂರಿಸಿದಾಗ ಕಪ್ಪು ಕಂದು ಬಣ್ಣದ ಮುದ್ದೆ ಹೊರಬಿತ್ತು. ನಾರು ನಾರಾಗಿತ್ತು, ಹುಳಿ ವಾಸನೆ. ಹುಣಸೆಹಣ್ಣು.

ಯಾರೋ ಬೇಕೆಂದೇ ತುರುಕಿದ್ದಾರೆ ಎನಿಸಿತು. ವಾದ್ಯದ ಬೀರುವಿನ ಇನ್ನೊಂದು ಕೀಲಿ ಎರಡನೇ ಬ್ಯೂಗಲರ್ ಚಂದ್ರಪ್ಪನ ಹತ್ತಿರವಿತ್ತು. ತಿಪ್ಪೇಸ್ವಾಮಿಯ ಜಾಗದ ಮೇಲೆ ಅವನಿಗೆ ಕಣ್ಣಿತ್ತು. ಕರೆಸಿ ಕೂರಿಸಿ ಕೇಳಿದೆ.

“ಅವನ ಎಂಜಲ ಪೀಪಿ ನಾನ್ಯಾಕೆ ಮುಟ್ಲಿ ಸಾರ್?” ಎಂದ. “ಹಬ್ಬಕ್ಕೆ ಅದನ್ನ ಮನೀಗೆ ಒಯ್ದಿದ್ದ. ಅವನ್ನೇ ಕೇಳ್ರಿ.”

ತಿಪ್ಪೇಸ್ವಾಮಿ ತಲೆ ತಗ್ಗಿಸಿದ. ಸರ್ಕಾರಿ ವಾದ್ಯ ಮನೆಗೆ ಒಯ್ಯುವಂತಿಲ್ಲ. ಪೂಜೆಗಿಟ್ಟು ಬೆಳಗ್ಗೆ ತಂದೆ ಎಂದ. ಹೊರಡುವ ಮುನ್ನ ಒಮ್ಮೆ ಊದಿ ನೋಡುವ ಪದ್ಧತಿಯನ್ನು ಅವಸರದಲ್ಲಿ ಬಿಟ್ಟಿದ್ದ. ಹುಣಸೆಹಣ್ಣಿನ ವಿಷಯ ತನಗೆ ಗೊತ್ತೇ ಇಲ್ಲ ಎಂದ. ಅದನ್ನೂ ನಾನು ನಂಬಲಿಲ್ಲ. ಅವನನ್ನು ಅಲ್ಲೇ ಕೂರಿಸಿ, ಮಹಿಳಾ ಪೇದೆಯೊಬ್ಬರನ್ನು ಕರೆದುಕೊಂಡು ಅವನ ಮನೆಗೆ ಹೋದೆ. ಮುದ್ದೆ ಸಿಕ್ಕಿದ್ದನ್ನು ಬಾಯಿಬಿಡಲಿಲ್ಲ. ಹಬ್ಬ ಹೇಗಾಯಿತು, ಪೂಜೆಗೆ ಏನೇನು ಇಟ್ಟಿರಿ ಎಂದಷ್ಟೇ ಅವನ ಹೆಂಡತಿ ಶಿವಮ್ಮನನ್ನು ಕೇಳಿದೆ.

“ಅವರು ಊದೋ ಕಾಳೆ ಇಟ್ಟಿದ್ವಿ ಸಾರ್. ಇವರು ಕುಡಿಯಾದು ಬಿಟ್ಟು ವರ್ಷಾತು. ಆದ್ರೆ ಆ ಹಾಳು ಬಾಯಾಗೆ ಎಷ್ಟು ದಿನ ಊದವ್ರೋ. ಇವರ ಬಾಯಿ ಶುದ್ಧ ಆತು, ಅದರ ಹೊಟ್ಟೇನೂ ಶುದ್ಧ ಆಗ್ಲಿ ಅಂತ ಹುಣಸೆಹಣ್ಣು ಕಿವುಚಿ ಒಳಗೆ ಹುಯ್ದೆ. ರಾತ್ರಿಯೆಲ್ಲ ನೆನೀಲಿ ಅಂತ ಬಿಟ್ಟು, ಬೆಳಿಗ್ಗೆ ಚೆಲ್ಲಿದೆ. ಅವರಿಗೆ ಹೇಳ್ಲಿಲ್ಲ, ಬೈತಾರೆ.”

ನಾನು ಕೇಳದೆಯೇ ಹುಣಸೆಹಣ್ಣಿನ ಮಾತು ಅವಳ ಬಾಯಿಂದ ಬಂದಿತ್ತು; ಅದನ್ನೇ ವರದಿಯಲ್ಲಿ ಬರೆದು ಕಳಿಸಿದೆ. ಮನೆಗೆ ಒಯ್ದದ್ದಕ್ಕೆ, ಊದಿ ನೋಡದೆ ಹೊರಟದ್ದಕ್ಕೆ ತಿಪ್ಪೇಸ್ವಾಮಿಗೆ ಲಿಖಿತ ಎಚ್ಚರಿಕೆಯಾಯಿತು. ನೌಕರಿ ಉಳಿಯಿತು. “ಗಂಡನ್ನ ಉಳಿಸ್ಕಳಾಕೆ ಹೆಂಡ್ತಿ ಏನ್ ಬೇಕಾದ್ರೂ ಹೇಳ್ತಾಳೆ,” ಎಂದು ಮೇಲಧಿಕಾರಿಗಳು ಗೊಣಗಿಕೊಂಡೇ ಸಹಿ ಹಾಕಿದರು.

ಅನುಮಾನ ಪಡುವುದಕ್ಕೇ ನನಗೆ ಸಂಬಳ ಕೊಡುತ್ತಿದ್ದರು, ಅದನ್ನು ನಾನು ಬಿಡಲಿಲ್ಲ. ಆದರೆ ಒಮ್ಮೆ ಕೆಟ್ಟ ಹೆಸರು ಬಂದವನ ಮೇಲೆ ಅನುಮಾನ ಪಡಲು ಯಾವ ಶ್ರಮವೂ ಬೇಕಿಲ್ಲ. ಆ ಪ್ರಕರಣದಿಂದೀಚೆಗೆ, ಸುಲಭವಾಗಿ ಬಂದ ಅನುಮಾನವನ್ನೇ ನಾನು ಮೊದಲು ಅನುಮಾನಿಸುತ್ತೇನೆ.