ಗೌರೀಶನ ಹಗೇವು

ಗೌರೀಶನ ಹೆಸರು ನಾನು ಮೊದಲು ಕೇಳಿದ್ದು ನಮ್ಮ ಬೋರಿನ ಮೋಟಾರು ಸುಟ್ಟ ದಿನ. ಬಾಜೂ ಮನಿ ಜಮಾಲಬಿ ಗ್ವಾಡಿ ಆಚೆಯಿಂದಲೇ ಹೇಳಿದಳು: "ಬಸ್‌ಸ್ಟ್ಯಾಂಡ್ ಹಂತ್ಯಾಕ ಗೌರೀಶ ಅಂತ ಒಬ್ಬಾವ ಬಂದಾನ, ಸುಶೀಲವ್ವ. ಮೋಟಾರಿಗೆ ತಂತಿ ಸುತ್ತತಾನ. ಕೈ ಚೊಲೋ ಐತಿ, ಮೈ ಅಷ್ಟು ಚೊಲೋ ಇಲ್ಲ. ಒಂದಿನ ದುಡದ್ರ ಒಂದಿನ ಹುಬ್ಬಳ್ಳಿಗೆ ರಕ್ತ ತೊಳಸಾಕ ಹೋಗ್ತಾನ."

ಮೋಟಾರು ರಿಪೇರಿ ಮಾಡಿ ತಂದವನು ನಮ್ಮ ಮುಂದಿನ ಖೋಲಿ ನೋಡಿ, "ಬಾಡಿಗಿಗೆ ಕೊಡ್ತೀರೇನ್ರಿ ಅವ್ವಾರ? ಮೆಟ್ಟಲಿಲ್ಲ, ಅದಕ್ಕ ಕೇಳಿದೆ" ಅಂದ. ಅಣ್ಣಿಗೇರಿ ಕಡೆಯವ. ನಡುವಯಸ್ಸು, ಹೆಂಡರು ಮಕ್ಕಳಿಲ್ಲ. ಕೊಟ್ಟೆ. ಅವನ ಸಾಮಾನು ಅಂದರೆ ಒಂದು ಟ್ರಂಕು, ಒಂದು ಹಳೇ ಡಬ್ಬಾ ಟಿವಿ, ಅದಕ್ಕೆ ಹಚ್ಚುವ ಆಟದ ಪೆಟ್ಟಿಗೆ, ಒಂದು ಟ್ರ್ಯಾಕ್ಟರ್ ಬ್ಯಾಟರಿ.

ಹುಬ್ಬಳ್ಳಿಯಿಂದ ಬಂದ ದಿನ ಚಪ್ಪಲಿ ಸಹ ಬಿಚ್ಚದೆ ಮಲಗುತ್ತಿದ್ದ. ಚಹಾ ಕೊಟ್ಟರೆ ಅರ್ಧ ಕುಡಿದು, "ನೀರು ಅಳದು ಕುಡೀಬೇಕ್ರಿ" ಅಂತ ಕಪ್ಪು ಸರಿಸುತ್ತಿದ್ದ. ಎದ್ದ ಮೇಲೆ ಆಟ. ಕತ್ತಿ ಹಿಡಿದ ಸಣ್ಣ ಮನುಷ್ಯ ನೆಲದ ಬಾಯಿಯೊಳಗೆ ಇಳಿದು ದೆವ್ವಗಳನ್ನು ಕಡಿಯಬೇಕು. ಒಂದು ಕುಣಿ ಗೆದ್ದರೆ ಅಲ್ಲಿ ಸಿಕ್ಕಿಬಿದ್ದ ಒಬ್ಬರ ಬಿಡುಗಡೆ. ಮೇಲೆ ಬಯಲಿನಲ್ಲಿ ಅವರಿಗೊಂದು ಮನಿ ಏಳುತ್ತದೆ. ಹಿಂಗ ಒಂದೊಂದೇ ಮನಿ ಕೂಡಿ ಊರು.

"ಇದು ಹಗೇವು ಅಲ್ಲೇನೋ ತಮ್ಮಾ" ಅಂದೆ. ನಮ್ಮ ಅಂಗಳದಾಗೂ ಇತ್ತು, ಜೋಳ ತುಂಬಿಡುವ ನೆಲದ ಕುಣಿ. "ಬಾಯಿ ತೆಗದ ಕೂಡ್ಲೇ ಇಳಿದ್ರ ಉಸರ ಕಟ್ಟತೈತಿ. ಮೊದಲ ಕಂದೀಲ ಇಳಸಬೇಕು. ಅದು ಆರಿದ್ರ ಇಳೀಬಾರದು. ನಿನ್ನಾವ ಅಗದಿ ದಡ್ಡ."

"ಅವಂಗ ಕಂದೀಲ ಕೊಟ್ಟಿಲ್ರಿ."

"ಹಂಗಾರ ಮ್ಯಾಲ ಯಾರರ ಹಗ್ಗ ಹಿಡಕೊಂಡು ನಿಂದರಬೇಕು."

"ನೀವ ಹಿಡೀರಿ."

ಅಂದಿನಿಂದ ನಾನು ಹೊಸ್ತಿಲ ಮೇಲೆ ಬ್ಯಾಳಿ ಹಸನ ಮಾಡುತ್ತಾ ಕೂಡುವುದು, ಅವನು "ಇಳೀತೀನ್ರಿ" ಅನ್ನುವುದು, ನಾನು "ಹೂಂ, ಹಿಡದೀನಿ" ಅನ್ನುವುದು.

ಸಾಲಿಗೆ ಹೋಗುವಾಗ ಇದೇ ಆಟ ಆಡಿದ್ದನಂತೆ. ದಿನಾ ಸಂಜಿ ಕರೆಂಟು ಹೋಗುವುದು, ಕಟ್ಟಿದ ಊರೂ ಹೋಗುವುದು. ಈಗ ಪೆಟ್ಟಿಗೆಯಲ್ಲಿ ನೆನಪಿಡುವ ಭಾಗವೇ ಕೆಟ್ಟಿದೆ, ಬದಲಿ ಎಲ್ಲೂ ಸಿಗುವುದಿಲ್ಲ. ಆರಿಸಿದರೆ ಎಲ್ಲಾ ಮೊದಲಿಂದ. ಅದಕ್ಕೇ ಬ್ಯಾಟರಿ ಕಟ್ಟಿ, ಪೆಟ್ಟಿಗೆಯನ್ನು ಎಂದೂ ಆರಿಸುತ್ತಿರಲಿಲ್ಲ. "ಒಮ್ಮೆರ ಊರು ತುಂಬಿದ್ದು ನೋಡಬೇಕ್ರಿ" ಅನ್ನುತ್ತಿದ್ದ.

"ಖರೇ ಮನಿ ಕಟ್ಟಲಿಲ್ಲ, ಟಿವ್ಯಾಗ ಊರು ಕಟ್ಟಾಕ ಹತ್ಯಾನ" ಅಂತ ಜಮಾಲಬಿ ಚೇಷ್ಟೆ ಮಾಡಿದರೆ, "ಇಲ್ಲಿ ಉಸುಕು ಸಿಮೆಂಟು ಬೇಕಾಗಂಗಿಲ್ರಿ" ಅಂತ ನಗುತ್ತಿದ್ದ.

ಬರಬರುತ್ತಾ ಸೂಜಿ ಚುಚ್ಚುವ ಕೈ ಊದಿ ಬೆರಳು ಮಾತು ಕೇಳದಾದವು. ತಂತಿ ಸುತ್ತುವುದು ನಿಂತಿತು. ಆಟದಲ್ಲಿ ಉಳಿದದ್ದು ಒಂದೇ ಕುಣಿ. ಅಲ್ಲೇ ಸೋಲುವುದು, ಮಲಗುವುದು, ಮತ್ತೆ ಇಳಿಯುವುದು. ನೋಡಿ ನೋಡಿ ನನಗೂ ಸಾಕಾಗಿತ್ತು. ಆದರೂ ಹೊಸ್ತಿಲು ಬಿಟ್ಟು ಏಳಲಿಲ್ಲ.

ಒಂದು ಮುಂಜಾನೆ ಆ ಕುಣಿಗೆ ಇಳಿದಿದ್ದಾಗಲೇ ಅವನಿಗೆ ದಮ್ಮು ಹತ್ತಿತು. ಆಟವನ್ನು ಅಲ್ಲಿಗೇ ನಿಲ್ಲಿಸಿ, "ಆರಸಬ್ಯಾಡ್ರಿ" ಅಂದು ನಮ್ಮ ಓಣಿಯ ಶರೀಫಸಾಬನ ಟೆಂಪೋ ಹತ್ತಿ ಹುಬ್ಬಳ್ಳಿಗೆ ಹೋದ. ಕರೆಂಟು ಹೋದಾಗಲೆಲ್ಲಾ ನಾನು ಖೋಲಿಗೆ ಹೋಗಿ ಪೆಟ್ಟಿಗೆಯ ಮೇಲೆ ಕೈ ಇಟ್ಟು ನೋಡುತ್ತಿದ್ದೆ.

ನಾಲ್ಕೈದು ದಿನ ಬಿಟ್ಟು ದವಾಖಾನೆಯಿಂದ ಫೋನು ಮಾಡಿದ. ದನಿ ಬಹಳ ಸಣ್ಣದಾಗಿತ್ತು.

"ಪೆಟಗಿ ಬೆಚ್ಚಗ ಐತೇನ್ರಿ?"

"ಐತಿ ತಮ್ಮಾ. ನಿನ್ನಾವ ಅಲ್ಲೇ ನಿಂತಾನ."



"ನಂಗ ಬರೂದ ಆಗಂಗಿಲ್ರಿ, ಅವ್ವಾರ. ಆ ಕೊನೀ ಹಗೇವು ಹಂಗ ಉಳೀಲಿ. ಟಿವಿ ಹಚ್ಚಿ ಪೆಟಗೀ ಕೆಂಪು ಗುಂಡಿ ಒತ್ರಿ, ಮ್ಯಾಲ ಬರ್ತಾನ. ಊರಾಗ ಬಂದು ನಿಂತ ಮ್ಯಾಲ ಆರಸ್ರಿ. ಕೆಳಗ ಬಿಟ್ಟು ಆರಸಬ್ಯಾಡ್ರಿ."